ಪ್ರತಿಕ್ರಿಯೆ: ಮದ್ದೂರಿನ ಸಂಘದ ಹಳೇ ಲೆಜರ್, ಮೊತ್ತ ಹೋಗಿ ತಾರೀಕು ಆಗುತ್ತಿರುವುದು

ಸಂಘದ ಹಳೇ ಲೆಜರನ್ನು (ಲೆಕ್ಕದ ಪುಸ್ತಕ) ಎಕ್ಸೆಲ್‌ಗೆ ಟೈಪ್ ಮಾಡುವಾಗ ಮೊತ್ತಗಳು ತಾರೀಕಾಗುತ್ತಿವೆ, ಸದಸ್ಯರ ಹುಟ್ಟಿದ ವರ್ಷವೂ ತಪ್ಪಾಗುತ್ತಿದೆ ಎಂದು ಕೇಳಿದ್ದೀರಿ. ನೀವು ಟೈಪ್ ಮಾಡಿದ 12-8-6 ಎಂಬುದು ಹಳೇ ಲೆಕ್ಕದ ರೂಪಾಯಿ-ಆಣೆ-ಪೈ (ರೂಪಾಯಿಗೆ 16 ಆಣೆ, ಆಣೆಗೆ 12 ಪೈ). ಎಕ್ಸೆಲ್ ಅದನ್ನು 2006ರ ಆಗಸ್ಟ್ 12 ಎಂದು ಓದಿಕೊಳ್ಳುತ್ತಿದೆ. 28ರಲ್ಲಿ, ಅಂದರೆ 1928ರಲ್ಲಿ ಹುಟ್ಟಿದ ಸದಸ್ಯರು 2028ಕ್ಕೆ ಹೋಗಿರುವುದೂ ಇಂಥದೇ ಕಾರಣಕ್ಕೆ: ವರ್ಷಕ್ಕೆ ಎರಡೇ ಅಂಕಿ ಕೊಟ್ಟರೆ ಸಾಮಾನ್ಯವಾಗಿ 00ರಿಂದ 29ರವರೆಗಿನದು ಈ ಶತಮಾನಕ್ಕೆ, 30ರಿಂದ 99 ಹಿಂದಿನದಕ್ಕೆ ಸೇರುತ್ತದೆ. ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್ ಪ್ರಕಾರ ಈ ಗಡಿ ಬೇರೆ ಇರಲೂಬಹುದು.

ಮೊದಲು ಫೈಲಿನ ಒಂದು ಪ್ರತಿ ಎತ್ತಿಡಿ. ತಾರೀಕಾಗಿಬಿಟ್ಟ ಮೊತ್ತವನ್ನು ಟೆಕ್ಸ್ಟ್‌ಗೆ ತಿರುಗಿಸಲು ಹೋಗಬೇಡಿ, ಎಕ್ಸೆಲ್ ತಾರೀಕನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದರಿಂದ 38941 ಎಂಬಂಥ ಸಂಖ್ಯೆ ಬರುತ್ತದೆ. ಪುಸ್ತಕ ನೋಡಿ ಮತ್ತೆ ಟೈಪ್ ಮಾಡುವುದೇ ಕ್ಷೇಮ. ಕಷ್ಟದ ಕೆಲಸ, ನಾನೂ ಮಾಡಿದ್ದೇನೆ.

ಈ ಸಲ ರೂಪಾಯಿ, ಆಣೆ, ಪೈಗೆ ಬೇರೆ ಬೇರೆ ಕಾಲಂ ಇಡಿ. ನಾಲ್ಕನೆಯದರಲ್ಲಿ ರೂಪಾಯಿ + ಆಣೆ/16 + ಪೈ/192. ಆಗ 12-8-6 ಅಂದರೆ 12.53125. ಪ್ರತಿ ಸಾಲಿನಲ್ಲೂ ಹತ್ತಿರದ ಪೈಸೆಗೆ ಸರಿಹೊಂದಿಸಬೇಡಿ (ರೌಂಡ್ ಮಾಡಬೇಡಿ), ಎಲ್ಲ ಕೂಡಿದ ಮೇಲೆ ಒಂದೇ ಸಲ ಮಾಡಿ. ಇಲ್ಲವಾದರೆ ಪುಟದಡಿಯ ಮೊತ್ತಕ್ಕೆ ತಾಳೆಯಾಗುವುದಿಲ್ಲ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ (ರೂಪಾಯಿಯ ನೂರನೇ ಒಂದು ಭಾಗ) ಬಂತು, ಆದರೆ ಆಣೆ ಅಂದೇ ನಿಲ್ಲಲಿಲ್ಲ. ಆ ವರ್ಷಗಳ ಪುಟಗಳಲ್ಲಿ ಕಾಲಂನ ತಲೆಬರಹ ನೋಡಿಯೇ ತೀರ್ಮಾನಿಸಿ.

ಹುಟ್ಟಿದ ತಾರೀಕಿಗೆ, ಮುಂದಿನ ವರ್ಷಗಳನ್ನಷ್ಟೇ ಹುಡುಕಿದರೆ ಸಾಲದು. ಹುಟ್ಟಿದ ವರ್ಷ 05 (1905) ಎಂದಿರುವವರು 2005 ಆಗಿ ಸದ್ದಿಲ್ಲದೆ ಕೂತಿರುತ್ತಾರೆ. ಸದಸ್ಯತ್ವದ ವರ್ಷವನ್ನು ನಾಲ್ಕು ಅಂಕಿಯಲ್ಲಿ ಸರಿಮಾಡಿ, ಆ ವರ್ಷದ ನಂತರ ಹುಟ್ಟಿದಂತೆ ಕಾಣುವವರನ್ನು ಫಿಲ್ಟರ್ ಹಾಕಿ ಹುಡುಕಿ. ಒಬ್ಬೊಬ್ಬರನ್ನೂ ಪುಸ್ತಕದಲ್ಲಿ ನೋಡಿ 100 ವರ್ಷ ಕಳೆಯಿರಿ. ಇಲ್ಲಿ ಒಂದು ವಯಸ್ಸು ತಪ್ಪಿದರೂ ನಾಳೆ ಷೇರು ಹಣಕ್ಕಾಗಿ ಆ ಮನೆಯ ವಾರಸುದಾರರು ಅಲೆಯಬೇಕಾಗುತ್ತದೆ. ಪ್ರತಿ ಪುಟದ ಮೊತ್ತ ತಾಳೆಯಾದ ಮೇಲಷ್ಟೇ ಇಲಾಖೆಯ ಪೋರ್ಟಲ್‌ಗೆ ಏರಿಸಿ.