ಗದಗಿನ ಪುಣ್ಯಾಶ್ರಮದಲ್ಲಿ ಒಂದು ಅಹೋರಾತ್ರಿ

ನೀವು ಕೇಳಿದ್ದು ಎರಡು. ಬಯಲಿನಲ್ಲಿ ನಡೆಯುವ ದೊಡ್ಡ ಸಂಗೀತೋತ್ಸವಕ್ಕೆ ಮೊದಲ ಸಲ ಹೋದಾಗ ಹೇಗನ್ನಿಸಿತು ಅನ್ನುವುದು ಒಂದು. ಸಭಾಂಗಣದ ಎರಡು ತಾಸಿನ ಕಛೇರಿಯಷ್ಟೇ ಕಂಡವರು, ರಾಗದ ಗಂಧ ಇಲ್ಲದವರು ರಾತ್ರಿಯಿಡೀ ಕೂತರೆ ಬೇಸರ ಬರುವುದಿಲ್ಲವೇ ಅನ್ನುವುದು ಇನ್ನೊಂದು. ಎರಡನೆಯದನ್ನೇ ಮೊದಲು ಹೇಳಿಬಿಡುತ್ತೇನೆ: ಬರುತ್ತದೆ. ನಡುರಾತ್ರಿ ದಾಟಿದ ಮೇಲೆ ಒಂದಿಷ್ಟು ಹೊತ್ತು ಖಂಡಿತ ಬರುತ್ತದೆ. ಆಗ ಮಲಗಿಬಿಡಬೇಕು. ಅಲ್ಲಿ ಮಲಗಿದವರನ್ನು ಯಾರೂ ಏನೂ ಅನ್ನುವುದಿಲ್ಲ.

ನನ್ನ ಮೊದಲನೆಯದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಜಾತ್ರೆಯಲ್ಲಿ ರಾತ್ರಿಯಿಡೀ ನಡೆದ ಸಂಗೀತ. ತೊಂಬತ್ತರ ದಶಕದ ಕೊನೆ. 1997ರಲ್ಲಿ ಗದಗ, ಹಾವೇರಿ ಎರಡೂ ಧಾರವಾಡದಿಂದ ಬೇರೆಯಾಗಿದ್ದವು; ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಗದಗ ಅಂದರೆ ಧಾರವಾಡ ಜಿಲ್ಲೆ ಅಂತಲೇ ಮಾತು. ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಓದುತ್ತಿದ್ದೆ. ಸೋದರಮಾವ ಅಣ್ಣಿಗೇರಿಯವನು, ಊರಿನ ಭಜನಾ ಮೇಳಕ್ಕೆ ತಬಲಾ ಬಾರಿಸುವವನು. "ಸಿನೆಮಾ ಹಾಡು ಕೇಳಿ ಕೇಳಿ ಕಿವಿ ಹಾಳು ಮಾಡ್ಕೊಂಡಿ, ಒಂದ್ ರಾತ್ರಿ ನನ್ ಜೋಡಿ ಬಾ" ಅಂದ. ಹೋದೆ.

ಹೊರಗಿನವರಿಗಾಗಿ ಒಂದಿಷ್ಟು ಹಿನ್ನೆಲೆ. ಈ ಆಶ್ರಮ ಪಂಚಾಕ್ಷರ ಗವಾಯಿಗಳದ್ದು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಬಂದ ಹುಡುಗ. ಹಾನಗಲ್ಲ ಕುಮಾರಸ್ವಾಮಿಗಳ ಕಣ್ಣಿಗೆ ಬಿದ್ದು ಸಂಗೀತ ಕಲಿತರು, ಕರ್ನಾಟಕಿ ಮತ್ತು ಹಿಂದುಸ್ತಾನಿ ಎರಡನ್ನೂ. ಆಮೇಲೆ ತಮ್ಮಂಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಬೇಡಿ ತಂದು, ಅನ್ನ ಹಾಕಿ ಕಲಿಸಿದರು. ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಇವರ ಶಿಷ್ಯರೇ. ಗವಾಯಿಗಳ ನಂತರ ಪೀಠ ಹಿಡಿದ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ ಅದರ ದುಡ್ಡಿನಲ್ಲಿ ಆಶ್ರಮ ಸಾಕಿದವರು. ಇಂದಿನ ಹೆಸರಾಂತ ಗಾಯಕ ಎಂ. ವೆಂಕಟೇಶಕುಮಾರ್ ಕಲಿತದ್ದು ಅವರ ಹತ್ತಿರ. ಪಂಚಾಕ್ಷರ ಗವಾಯಿಗಳು ತೀರಿಕೊಂಡದ್ದು 1944ರ ಜೂನ್‌ನಲ್ಲಿ, ಅವರ ಪುಣ್ಯತಿಥಿಗೆ ನಡೆಯುವ ಜಾತ್ರೆ ಹಾಗಾಗಿ ಬರುವುದು ಮುಂಗಾರಿನ ಬಾಯಿಗೆ.

ಅಂದರೆ ಮಿರಗದ, ಮೃಗಶಿರಾ ನಕ್ಷತ್ರದ ಮಳೆ. ಇದನ್ನು ಯಾಕೆ ಹೇಳಿದೆ ಅಂದರೆ, ನಾನು ಅಲ್ಲಿ ಮೊದಲು ಕೇಳಿದ್ದು ಸಂಗೀತ ಅಲ್ಲ, ಬಿತ್ತಿಗೆಯ ಮಾತು. ಪೆಂಡಾಲಿನಲ್ಲಿ ನನ್ನ ಅಕ್ಕಪಕ್ಕ ಕೂತವರೆಲ್ಲ ರೋಣ, ನರಗುಂದ, ಮುಂಡರಗಿ ಕಡೆಯ ರೈತ ಮಂದಿ. "ಹಸಿ ಎಷ್ಟ್ ಇಳದದ ನಿಮ್ಮ ಕಡೆ?" "ಹೆಸರು ಬಿತ್ತಾಕ ಅಡ್ಡಿಯಿಲ್ಲ ಬಿಡ್ರಿ." ಸಂಜೆ ದಾಸೋಹದಲ್ಲಿ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ ಉಂಡು ಬಂದು, ಹೆಗಲ ಮೇಲಿನ ಟವೆಲ್ ಹಾಸಿ ಕೂತಿದ್ದರು. ಖಯಾಲು ಅನ್ನುವ ಹಿಂದುಸ್ತಾನಿ ಗಾಯನ ಅಂದರೆ ಕಲಿತವರ, ಪ್ಯಾಟಿಯವರ ಸೊತ್ತು ಅಂದುಕೊಂಡಿದ್ದ ನನಗೆ, ಒಬ್ಬ ಗಾಯಕ ತಿಹಾಯಿ, ಅಂದರೆ ಒಂದೇ ತುಣುಕನ್ನು ಮೂರು ಸಲ ಹೇಳುವುದನ್ನು ಮುಗಿಸಿ ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದ ಕೂಡಲೇ ಆ ರೈತರ ಕೈಗಳು ಒಟ್ಟಿಗೆ ಎದ್ದು ತೊಡೆಗೆ ಬಡಿದಾಗ ಮೈ ಜುಮ್ಮೆಂದಿತು. ಭಜನೆ ಮತ್ತು ಬಯಲಾಟ ನೋಡಿ ಬೆಳೆದವರಿಗೆ ತಾಳ ಯಾರೂ ಹೇಳಿಕೊಡಬೇಕಿಲ್ಲ.

ಧ್ವನಿವರ್ಧಕದ ಬಗ್ಗೆ ಒಂದು ಮಾತು, ಯಾಕೆಂದರೆ ಹೊಸಬರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬಯಲಿನಲ್ಲಿ ಸಾಲಾಗಿ ಹಾರ್ನ್ ಕಟ್ಟಿರುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೀವು ಹಿಂದೆ ಕೂತರೆ ಹತ್ತಿರದ ಹಾರ್ನಿನ ಸ್ವರ ಮೊದಲು, ನೂರು ಮೀಟರ್ ಆಚೆಯದು ಸೆಕೆಂಡಿನ ಮೂರರಲ್ಲೊಂದು ಭಾಗ ತಡವಾಗಿ ಬರುತ್ತದೆ. ನಿಧಾನಗತಿಯ ವಿಲಂಬಿತಕ್ಕೆ ಅಷ್ಟೇನೂ ತೊಂದರೆಯಿಲ್ಲ. ವೇಗದ ದ್ರುತದಲ್ಲಿ ತಾನು, ಅಂದರೆ ಸ್ವರಗಳ ಓಟ, ಶುರುವಾದರೆ ಎಲ್ಲ ಕಲಸಿಹೋಗುತ್ತದೆ. ಅಲ್ಲಿ ಕೂತು "ಈ ಸಂಗೀತ ನನಗೆ ತಿಳಿಯೋದಿಲ್ಲ" ಅನ್ನುವವರಲ್ಲಿ ಅರ್ಧ ಮಂದಿಗೆ ತಿಳಿಯದ್ದು ಸಂಗೀತ ಅಲ್ಲ, ಪ್ರತಿಧ್ವನಿ. ವೇದಿಕೆಯ ಎದುರಿಗೆ, ನೆಲದ ಮೇಲೆ, ಸಾಧ್ಯವಾದಷ್ಟು ಮುಂದೆ ಕೂಡಿ.

ಹತ್ತರ ಸುಮಾರಿಗೆ ಮಳೆ ಬಂತು. ತಗಡಿನ ಮೇಲೆ ಎಷ್ಟು ಜೋರಾಗಿ ಬಿತ್ತೆಂದರೆ ಗಾಯಕರು ಹಾಡುವುದು ನಿಲ್ಲಿಸಿ ಚಹಾ ಕುಡಿದರು. ಮಳೆ ನಿಂತ ಮೇಲೆ ತಬಲಾದ ಶ್ರುತಿ ಇಳಿದುಹೋಗಿತ್ತು. ತಂಪು ಹವೆಗೆ ಚರ್ಮ ಸಡಿಲಾಗುತ್ತದಲ್ಲ. ತಬಲಾದವರು ಸುತ್ತಿಗೆ ತಗೊಂಡು ಪಕ್ಕದ ವಾರಿಗೆ ಸಿಕ್ಕಿಸಿದ ಕಟ್ಟಿಗೆಯ ಗಟ್ಟಿಗಳನ್ನು ಕೆಳಗೆ ಬಡಿಯುತ್ತ, ಬಾಯಿಯ ಸುತ್ತಲಿನ ಹೆಣಿಗೆ ಗಜರೆಗೆ ಏಟು ಹಾಕುತ್ತ ಬಹಳ ಹೊತ್ತು ಕೂತರು. ಸಭಾಂಗಣವಾಗಿದ್ದರೆ ಜನ ಮೊಬೈಲು ತೆಗೆಯುತ್ತಿದ್ದರೇನೋ, ಆಗ ಅದೂ ಇರಲಿಲ್ಲ. ನನ್ನ ಮಾವ ಮಾತ್ರ ಅದನ್ನೇ ಕಛೇರಿ ಅನ್ನುವಂತೆ ನೋಡುತ್ತಿದ್ದ. "ಇನ್ನೂ ಎಳ್ಳಷ್ಟು ಇಳದದ. ಹೂಂ. ಈಗ ಕುಂತ್ತು" ಅಂದ. ಮರುಕ್ಷಣ ವೇದಿಕೆಯ ಮೇಲಿನವರೂ ಸುತ್ತಿಗೆ ಕೆಳಗಿಟ್ಟರು.

ಪುಟ್ಟರಾಜ ಗವಾಯಿಗಳು, ಎಲ್ಲರ ಬಾಯಲ್ಲಿ ಅಜ್ಜಾರು, ವೇದಿಕೆಯ ಬದಿಗೆ ಕೂತಿದ್ದರು. ಎಂಬತ್ತು ದಾಟಿದ ವಯಸ್ಸು. ಆಶ್ರಮದ ಸಣ್ಣ ಹುಡುಗರು ಒಬ್ಬರ ಹಿಂದೆ ಒಬ್ಬರು ಬಂದು, ಹಾರ್ಮೋನಿಯಂ, ಪಿಟೀಲು, ಹಾಡು, ಹದಿನೈದು ಇಪ್ಪತ್ತು ನಿಮಿಷ ಸೇವೆ ಸಲ್ಲಿಸಿ ಇಳಿಯುತ್ತಿದ್ದರು. ನಿಜ ಹೇಳುತ್ತೇನೆ, ಅದರಲ್ಲಿ ಎಲ್ಲವೂ ಚಂದ ಇರಲಿಲ್ಲ. ಭಾಷಣಗಳಂತೂ ಅತಿಯಾದವು; ಸನ್ಮಾನದ ಶಾಲು, ಹಾರ, ಹಣ್ಣಿನ ಬುಟ್ಟಿಯ ಗದ್ದಲದಲ್ಲಿ ಒಳ್ಳೆಯ ಹೊತ್ತು ಕಳೆದುಹೋಯಿತು. ಇಂದಿಗೂ ನಮ್ಮ ಕಡೆಯ ಉತ್ಸವಗಳ ದೊಡ್ಡ ರೋಗ ಇದು. ಅದು ಮುಗಿದ ಮೇಲೆ ಒಬ್ಬರು ಮಾಲಕಂಸ ರಾಗ ಹಾಡಿದರು. ಜನ ಚೀಟಿ ಕಳಿಸಿ ವಚನ ಕೇಳಿದರು, ಅವರು ಎರಡು ವಚನ ಹಾಡಿದರು. ಆಮೇಲೆ ನಾನು ನಿದ್ದೆ ಹೋದೆ.

ಮಾವ ಭುಜ ಅಲುಗಿಸಿ ಎಬ್ಬಿಸಿದಾಗ ಕತ್ತಲಿತ್ತು. ಮಂದಿ ಅರ್ಧ ಕರಗಿದ್ದರು. ವೇದಿಕೆಯ ಮೇಲೆ ತಂಬೂರಿ ಶ್ರುತಿ ಮಾಡುತ್ತಿದ್ದರು. "ನೋಡು, ಪಂಚಮದ ತಂತಿ ಮಧ್ಯಮಕ್ಕ ಇಳಸಾಕತ್ತಾರ. ಈಗ ಲಲತ್ ಬರ್ತದ" ಅಂದ. ಬೆಳಗಿನ ಜಾವದ ರಾಗ ಲಲತ್‌ನಲ್ಲಿ ಪಂಚಮ, ಅಂದರೆ ಪ ಸ್ವರವೇ ಇಲ್ಲ. ಮಧ್ಯಮ, ಅಂದರೆ ಮ ಸ್ವರದ ಶುದ್ಧ, ತೀವ್ರ ಎರಡೂ ರೂಪಗಳು ಒಂದರ ಪಕ್ಕ ಒಂದು ಬರುತ್ತವೆ. ಅದಕ್ಕೇ ತಂಬೂರಿಯಲ್ಲೂ ಪಂಚಮ ಮಿಡಿಯಬಾರದು. ಇದು ನನಗೆ ತಿಳಿದದ್ದು ವರ್ಷಗಳ ನಂತರ. ಆಗ ತಿಳಿದದ್ದು ಇಷ್ಟೇ: ಆ ಎರಡು ಮಧ್ಯಮಗಳ ನಡುವೆ ಗಾಯಕರು ಹೋಗಿ ಬರುತ್ತಿದ್ದಾಗ, ಒಳಗೆ ಏನೋ ಹಿಡಿದುಕೊಂಡಂತಾಗಿ ನಿದ್ದೆ ಪೂರಾ ಹಾರಿಹೋಯಿತು. ಅದೇ ಗಾಯಕರ ಅದೇ ಲಲತ್ ಆಮೇಲೆ ಸಂಜೆ ಹೊತ್ತು ಕ್ಯಾಸೆಟ್ಟಿನಲ್ಲಿ ಕೇಳಿದೆ. ಚಲೋ ಇತ್ತು, ಅಷ್ಟೇ.

ರಾತ್ರಿಯಿಡೀ ನಡೆಯುವ ಉತ್ಸವದ ಬಗ್ಗೆ ನನಗೆ ಹಟ ಇರುವುದು ಈ ಕಾರಣಕ್ಕೆ. ಹಿಂದುಸ್ತಾನಿಯಲ್ಲಿ ಪ್ರತಿ ರಾಗಕ್ಕೂ ಹೊತ್ತಿದೆ. ಸಂಜೆ ಆರಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುವ ಕಛೇರಿಗಳಿಗಷ್ಟೇ ಹೋದರೆ ಯಮನ್, ಪೂರಿಯಾ, ಬಾಗೇಶ್ರೀಯಂಥ ಸಂಜೆ, ರಾತ್ರಿಯ ರಾಗಗಳ ಸುತ್ತಲೇ ಬದುಕು ಕಳೆಯುತ್ತದೆ. ಬೆಳಗಿನ ಲಲತ್, ಭಟಿಯಾರ, ಜೋಗಿಯಾ ನಿಮಗೆ ಸಿಗುವುದೇ ಇಲ್ಲ. 2000ದ ಶಬ್ದಮಾಲಿನ್ಯ ನಿಯಮ ಬಂದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ತಡೆ ಬಿತ್ತು; ಸರಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿವರೆಗೆ ಸಡಿಲ ಬಿಡಬಹುದು, ಅಷ್ಟೇ. ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವವೂ ಮೊದಲು ಬೆಳಗಿನವರೆಗೆ ನಡೆಯುತ್ತಿತ್ತು, ಈಗಿಲ್ಲ. ಪರೀಕ್ಷೆಗೆ ಓದುವ ಮಕ್ಕಳು, ಕಾಯಿಲೆಯವರು ಇರುವ ಓಣಿಯಲ್ಲಿ ಹಾರ್ನ್ ಹಚ್ಚಬಾರದು ಅನ್ನುವುದು ನ್ಯಾಯವೇ. ಆದರೆ ಡಿಜೆಗೂ ತಂಬೂರಿಗೂ ಒಂದೇ ಅಳತೆಗೋಲು ಹಿಡಿದದ್ದು ನನಗೆ ಇನ್ನೂ ಅರಗಿಲ್ಲ.

ನೀವು ಬರುವುದಾದರೆ ಗದಗಿನ ಜೊತೆ ಕುಂದಗೋಳವನ್ನೂ ನೆನಪಿಡಿ. ಹುಬ್ಬಳ್ಳಿಯಿಂದ ಹತ್ತಿಪ್ಪತ್ತು ಕಿಲೋಮೀಟರ್. ಸವಾಯಿ ಗಂಧರ್ವರು ಕಲಿಸುತ್ತಿದ್ದ ಊರು. ಗಾಯಕಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದದ್ದು ಅಲ್ಲಿಗೇ. ಅಲ್ಲಿನ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಸಂಗೀತ ನಡೆಯುತ್ತದೆ. ಗದಗಿನಷ್ಟು ದೊಡ್ಡ ಬಯಲಲ್ಲ, ಆದರೆ ಗಾಯಕರ ಉಸಿರು ಕೇಳುವಷ್ಟು ಹತ್ತಿರ ಕೂಡಬಹುದು.

ಹಾಸಲು ಜಮಖಾನೆ, ಹೊದೆಯಲು ಚಾದರ, ಜೂನ್ ಆದರೆ ಛತ್ರಿ. ಮಡಚುವ ಕುರ್ಚಿ ತರಬೇಡಿ, ಹಿಂದಿನವರು ಬಯ್ಯುತ್ತಾರೆ. ರಾತ್ರಿ ಹಸಿದರೆ ಹೊರಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ಸಿಗುತ್ತದೆ. ಗದಗಿನ ಮಿರ್ಚಿಗೆ ನೀರಿನ ಬಾಟಲಿ ಜೊತೆಗಿರಲಿ. ಮತ್ತೆ ವಾಪಸ್ ಹೋಗಲು ನಸುಕಿನ ರೈಲಿಗೆ ಟಿಕೆಟ್ ಮಾಡಿಸಬೇಡಿ, ಮಧ್ಯಾಹ್ನದ್ದಕ್ಕೆ ಮಾಡಿಸಿ. ಕಛೇರಿ ಮುಗಿಸುವ ಕೊನೆಯ ಭೈರವಿ ರಾಗ ಎಷ್ಟಕ್ಕೆ ಮುಗಿಯುತ್ತದೆ ಅನ್ನುವುದು ಕರಪತ್ರ ಅಚ್ಚು ಹಾಕಿಸಿದವರಿಗೂ ಗೊತ್ತಿರುವುದಿಲ್ಲ.