ಬಾಣ ಒಂದು ಕಡೆ, ಬರೆಯುವ ಜಾಗ ಇನ್ನೊಂದು ಕಡೆ

ಪ್ರಶ್ನೆ: ನಾನು ನಿವೃತ್ತ ಟೀಚರ್. ನಮ್ಮ ಮಹಿಳಾ ಮಂಡಲದ ಉಳಿತಾಯದ ಲೆಕ್ಕ ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಮೌಸ್‌ನ ಚಕ್ರ ತಿರುಗಿಸಿ ಕೆಳಗೆ ಬಂದು ಹೊಸ ಅಂಕಿ ಟೈಪ್ ಮಾಡಿದರೆ ಪರದೆ ಒಮ್ಮೆಲೇ ಮೇಲಕ್ಕೆ ಹಾರಿ, ಹಳೆಯ ಅಂಕಿ ಅಳಿಸಿ ಅಲ್ಲಿ ಹೊಸದು ಕೂತುಬಿಡುತ್ತದೆ. ಈಚೆಗೆ ಇನ್ನೊಂದು ತೊಂದರೆ, ಚಕ್ರ ಕೆಳಗೆ ತಿರುಗಿಸಿದರೂ ಪುಟ ಮೇಲಕ್ಕೆ ಜಿಗಿಯುತ್ತದೆ. ಮಗನನ್ನು ಕೇಳಿದರೆ "ಎಷ್ಟು ಸಲ ಹೇಳುವುದಮ್ಮ" ಅನ್ನುತ್ತಾನೆ. ತಪ್ಪು ನನ್ನ ಕೈಯದ್ದಾ, ಮೌಸ್‌ನದ್ದಾ?
– ಓದುಗರು, ಮಲ್ಪೆ

ಉತ್ತರ: ಟೀಚರೇ, ಇವು ಎರಡು ಬೇರೆ ಬೇರೆ ತೊಂದರೆ. ಯಾವುದೂ ನಿಮ್ಮ ಕೈಯ ತಪ್ಪಲ್ಲ ಮಾರಾಯ್ರೆ.

ಮೊದಲನೆಯದು. ಚಕ್ರ ತಿರುಗಿಸಿದಾಗ ನೀವು ನೋಡುವ ಜಾಗ ಮಾತ್ರ ಬದಲಾಗುತ್ತದೆ, ಬರೆಯುವ ಜಾಗ ಬದಲಾಗುವುದಿಲ್ಲ. ಕೊನೆಯ ಸಲ ಯಾವ ಚೌಕದ ಮೇಲೆ ಕ್ಲಿಕ್ ಮಾಡಿದ್ದಿರೋ ಎಕ್ಸೆಲ್ ಇನ್ನೂ ಅಲ್ಲೇ ಕಾಯುತ್ತಿರುತ್ತದೆ. ನೀವು 200 ಸಾಲು ಕೆಳಗೆ ಬಂದು ಟೈಪ್ ಮಾಡಿದರೂ ಅಂಕಿ ಹೋಗಿ ಬೀಳುವುದು ಆ ಹಳೆಯ ಚೌಕಕ್ಕೇ. ಹಾಗಾಗಿ ಕೆಳಗೆ ಬಂದ ಮೇಲೆ ಬೇಕಾದ ಚೌಕದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಸುತ್ತ ದಪ್ಪ ಗೆರೆ ಬಂತಾ ನೋಡಿ, ಆಮೇಲೆ ಟೈಪ್ ಮಾಡಿ. ತಪ್ಪಿ ಅಳಿಸಿ ಹೋದರೆ ಕೂಡಲೇ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿ, ಹಳೆಯ ಅಂಕಿ ವಾಪಸ್ ಬರುತ್ತದೆ.

ಈ ಗೊಂದಲಕ್ಕೆ ಒಂದು ಹಿನ್ನೆಲೆ ಇದೆ. 1968ರ ಡಿಸೆಂಬರ್ 9ರಂದು ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಾವು ರೂಪಿಸಿದ ಮೌಸ್ ತೋರಿಸಿದಾಗ ಅದರಲ್ಲಿ ಬೆರಳಿನಿಂದ ತಿರುಗಿಸುವ ಚಕ್ರವೇ ಇರಲಿಲ್ಲ. ಬಾಣ ಸರಿಸುವುದು, ಗುಂಡಿ ಒತ್ತುವುದು, ಅಷ್ಟೇ. ಚಕ್ರ ಮನೆಮನೆಗೆ ಬಂದದ್ದು 1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಬಂದ ಮೇಲೆ. ಅಂದರೆ ಕ್ಲಿಕ್ ಮೊದಲಿನದು, ಚಕ್ರ ಆಮೇಲೆ ಸೇರಿಕೊಂಡದ್ದು. ಎರಡೂ ಇವತ್ತಿಗೂ ತಮ್ಮ ತಮ್ಮ ಕೆಲಸ ಬೇರೆಯಾಗಿಯೇ ಮಾಡುತ್ತವೆ.

ಇದೇ ಕಾರಣಕ್ಕೆ ಆನ್‌ಲೈನ್ ಅರ್ಜಿ ತುಂಬುವಾಗಲೂ ಜಾಗ್ರತೆ ಬೇಕು. ಕೆಲವು ಅರ್ಜಿಗಳಲ್ಲಿ ಮೊತ್ತ ಬರೆದು, ಬಾಣ ಅದೇ ಪೆಟ್ಟಿಗೆಯ ಮೇಲಿರುವಾಗ ಚಕ್ರ ತಿರುಗಿಸಿದರೆ ಪುಟ ಸರಿಯುವ ಬದಲು ಮೊತ್ತವೇ ಬದಲಾಗುತ್ತದೆ, 500 ಇದ್ದದ್ದು 497 ಆಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಬರೆದಾದ ಮೇಲೆ ಪುಟದ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ ಮುಂದೆ ಹೋಗಿ.

ಇನ್ನು ಪುಟ ಜಿಗಿಯುವುದು. ಅದು ಮೌಸ್‌ನದ್ದೇ ತೊಂದರೆ. ಹೆಚ್ಚಿನ ಮೌಸ್‌ಗಳಲ್ಲಿ ಚಕ್ರದ ಪಕ್ಕ ಒಂದು ಸಣ್ಣ ಭಾಗ ಇರುತ್ತದೆ, ಚಕ್ರ ಯಾವ ಕಡೆ ಎಷ್ಟು ತಿರುಗಿತು ಎಂದು ಎಣಿಸುವುದು ಅದೇ. ಅದರೊಳಗಿನ ಲೋಹದ ಎಳೆಗಳ ಮೇಲೆ ಧೂಳು, ತೇವ ಕೂತರೆ ಎಣಿಕೆ ತಪ್ಪುತ್ತದೆ. ನಮ್ಮ ಕರಾವಳಿಯ ಮಳೆಗಾಲ ಹೇಗೆ ಅಂತ ನಿಮಗೆ ಹೇಳಬೇಕಾ! ಮೌಸ್‌ನ ವಯರ್ ಕಳಚಿ, ಚಕ್ರದ ಸಂದಿಗೆ ಚೆನ್ನಾಗಿ ಗಾಳಿ ಹೊಡೆದು, ಎರಡೂ ಕಡೆಗೆ ಹತ್ತಿಪ್ಪತ್ತು ಸಲ ತಿರುಗಿಸಿ. ತೆಂಗಿನೆಣ್ಣೆ ಮಾತ್ರ ಬಿಡಬೇಡಿ, ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ಹೊಸದು ತೆಗೆದುಕೊಳ್ಳುವುದೇ ಒಳ್ಳೆಯದು, ರಿಪೇರಿಗೆ ಕೊಡುವ ದುಡ್ಡಿಗೆ ಸಾಧಾರಣ ಮೌಸೇ ಬರುತ್ತದೆ.

ಒಂದು ಸಲಕ್ಕೆ ತುಂಬಾ ದೂರ ಸರಿಯುತ್ತದೆ ಅನಿಸಿದರೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಮೌಸ್ ಅಂತ ಹುಡುಕಿ. ಒಂದು ತಿರುವಿಗೆ ಎಷ್ಟು ಸಾಲು ಅನ್ನುವುದು ಅಲ್ಲಿದೆ. ಸಾಮಾನ್ಯವಾಗಿ 3 ಇರುತ್ತದೆ, 1 ಅಥವಾ 2 ಮಾಡಿ ನೋಡಿ. ಮತ್ತೆ ಲೆಕ್ಕದಲ್ಲಿ ಕೆಳಗೆ ಹೋದಾಗ ಹೆಸರು, ತಿಂಗಳು ಬರೆದ ಮೇಲಿನ ಸಾಲು ಕಾಣಿಸುವುದಿಲ್ಲ ಅಲ್ವಾ? ವ್ಯೂ ಅನ್ನುವಲ್ಲಿ ಫ್ರೀಝ್ ಪೇನ್ಸ್, ಅದರಲ್ಲಿ ಫ್ರೀಝ್ ಟಾಪ್ ರೋ ಒತ್ತಿ. ಆ ಸಾಲು ಅಲ್ಲೇ ನಿಲ್ಲುತ್ತದೆ.

ಮಗನಿಗೂ ಇದನ್ನು ಓದಲು ಕೊಡಿ. ಬರೆಯುವ ಜಾಗ ಸರಿಯುವುದಿಲ್ಲ ಅನ್ನುವ ಈ ಒಂದು ಮಾತನ್ನು ಅವನು ಹೇಳಿರಲಿಕ್ಕಿಲ್ಲ, ಅವನಿಗೆ ಅಭ್ಯಾಸವಾಗಿ ಹೋಗಿದೆ.

ಪ್ರಶ್ನೆ: ನಾನು ಎಡಗೈಯವ. ಮೌಸ್ ಎಡಗೈಯಲ್ಲಿ ಹಿಡಿದರೆ ತೋರುಬೆರಳು ಬಲಗುಂಡಿಯ ಮೇಲೆ ಬರುತ್ತದೆ. ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ಅದೇ ಮೌಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈಮರಿ ಬಟನ್ ಅನ್ನು ರೈಟ್ ಮಾಡಿ. ಬದಲಿಸಿದ ಆ ಕ್ಷಣದಿಂದಲೇ ಬಲಗುಂಡಿಯಲ್ಲಿ ಕ್ಲಿಕ್ ಆಗುತ್ತದೆ, ಗಾಬರಿಯಾಗಬೇಡಿ. ಹೊಸದು ಕೊಳ್ಳುವಾಗ ಬಲಗೈಗೆಂದೇ ಬಾಗಿಸಿದ ಮೌಸ್ ಬೇಡ, ಎರಡೂ ಪಕ್ಕ ಒಂದೇ ತರ ಇರುವುದನ್ನು ಕೇಳಿ.