ಮಗುವಿಗೆ ಒಂದೇಟು ಕೊಟ್ಟರೆ ಪೊಲೀಸರು ಬರುತ್ತಾರಾ?

ಅಕ್ಕಾ ಎಂದು ಕರೆದು ಕೇಳಿದ್ದೀರಿ. ಒಡಹುಟ್ಟಿದ ತಂಗಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ನೀವು ಟೆಕ್ಸಾಸ್‌ಗೆ ಬಂದು ಮೂರು ವಾರ ಆಗಿದೆ. ಆರು ವರ್ಷದ ಮಗ, ಐದು ತಿಂಗಳ ಮಗಳು. "ಇಲ್ಲಿ ಮಗುವಿಗೆ ಒಂದೇಟು ಕೊಟ್ಟರೂ ಪೊಲೀಸರು ಬಂದು ಕರ್ಕೊಂಡು ಹೋಗ್ತಾರಂತೆ, ನಿಜಾನಾ? ಕಾನೂನಿನಲ್ಲಿ ಏನಿದೆ?" ಎಂದು ಕೇಳಿದ್ದೀರಿ. ನಾನು ವಕೀಲೆ ಅಲ್ಲ. ಇಲ್ಲಿಗೆ ಬಂದು 21 ವರ್ಷ ಆಯಿತು, ಇಬ್ಬರು ಮಕ್ಕಳನ್ನು ಇಲ್ಲೇ ಬೆಳೆಸಿದೆ. ಒಮ್ಮೆ ನಮ್ಮ ಮನೆ ಬಾಗಿಲಿಗೇ ಸಿಪಿಎಸ್‌ನ, ಅಂದರೆ ಮಕ್ಕಳ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ವಿಭಾಗದ, ಕೇಸ್‌ವರ್ಕರ್ ತನಿಖೆಗೆ ಬಂದಿದ್ದರು. ಅದಾದ ಮೇಲೆ ಈ ಕಾನೂನನ್ನು ಸಾಲು ಸಾಲಾಗಿ ಕೂತು ಓದಿದೆ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಒಂದೇಟಿಗೆ ಮಗುವನ್ನು ಕರೆದುಕೊಂಡು ಹೋಗುವುದಿಲ್ಲ. ಅಮೆರಿಕದ ಯಾವ ರಾಜ್ಯದಲ್ಲೂ ತಂದೆ ತಾಯಿ ಮಗುವಿಗೆ ಹೊಡೆಯುವುದನ್ನು ಪೂರ್ತಿ ನಿಷೇಧಿಸಿಲ್ಲ. ಟೆಕ್ಸಾಸ್ ಕಾನೂನು "ಹಿತಮಿತವಾದ ಶಿಸ್ತು" ಅಬ್ಯೂಸ್ (ದೌರ್ಜನ್ಯ) ಅಲ್ಲ ಎಂದೇ ಹೇಳುತ್ತದೆ. ಆದರೆ ಅದಕ್ಕೆ ಒಂದು ಷರತ್ತಿದೆ: ಮಗುವಿಗೆ ಹಾನಿಯಾಗುವ ದೊಡ್ಡ ಅಪಾಯ ಇರಬಾರದು. ಹಿತಮಿತ ಯಾವುದು ಎಂದು ತೀರ್ಮಾನಿಸುವುದು ನೀವಲ್ಲ. ಮಗುವಿನ ಮೈಮೇಲೆ ಏನು ಉಳಿದಿದೆ ಎಂದು ನೋಡುತ್ತಾರೆ. ಬಾಸುಂಡೆ ಎದ್ದಿದೆಯಾ, ಕಂದುಗಟ್ಟಿದೆಯಾ, ಬೆಲ್ಟಿನ ಗುರುತಿದೆಯಾ, ಏಟು ಮುಖಕ್ಕೋ ತಲೆಗೋ ಬಿದ್ದಿದೆಯಾ, ಮಗುವಿಗೆ ಎಷ್ಟು ವಯಸ್ಸು. "ಪ್ರೀತಿಯಿಂದ ಬುದ್ಧಿ ಹೇಳೋಕೆ ಹೊಡೆದೆ" ಎನ್ನುವ ಮಾತು ಗುರುತನ್ನು ಅಳಿಸುವುದಿಲ್ಲ. ಕಾನೂನು ಬಿಟ್ಟಿದೆ ಅಂತ ಹೊಡೆಯಿರಿ ಎಂದು ನಾನಂತೂ ಹೇಳುವುದಿಲ್ಲ. ಸಿಟ್ಟಿನಲ್ಲಿ ಎತ್ತಿದ ಕೈಗೆ ಅಳತೆ ಗೊತ್ತಿರುವುದಿಲ್ಲ. ಹೊಡೆಯದೇ ಇರುವುದೇ ಸರಿ.

ಇನ್ನು ಕಾನೂನಿನ ಚೌಕಟ್ಟು. ಇಡೀ ದೇಶಕ್ಕೆ 1974ರ ಒಂದು ಕೇಂದ್ರ ಕಾನೂನಿದೆ, ಕ್ಯಾಪ್ಟಾ ಎನ್ನುತ್ತಾರೆ. ಅದು ಅಬ್ಯೂಸ್ ಮತ್ತು ನೆಗ್ಲೆಕ್ಟ್ (ನಿರ್ಲಕ್ಷ್ಯ) ಎಂದರೆ ಏನು ಎನ್ನುವುದರ ಕನಿಷ್ಠ ಅರ್ಥವನ್ನಷ್ಟೇ ಹೇಳುತ್ತದೆ. ತಂದೆ ತಾಯಿ ಅಥವಾ ಮಗುವನ್ನು ನೋಡಿಕೊಳ್ಳುವವರು ಏನಾದರೂ ಮಾಡಿದ್ದರಿಂದ, ಅಥವಾ ಮಾಡಬೇಕಾದ್ದನ್ನು ಮಾಡದೇ ಇದ್ದದ್ದರಿಂದ, ಮಗು ಸತ್ತರೆ, ದೇಹಕ್ಕೋ ಮನಸ್ಸಿಗೋ ಗಂಭೀರ ಪೆಟ್ಟಾದರೆ, ಲೈಂಗಿಕ ದೌರ್ಜನ್ಯ ನಡೆದರೆ, ಇಲ್ಲವೇ ಗಂಭೀರ ಅಪಾಯ ಎದುರಿಗೇ ಇದ್ದರೆ ಅದು ಅಬ್ಯೂಸ್ ಅಥವಾ ನೆಗ್ಲೆಕ್ಟ್. ಉಳಿದ ವಿವರ ಆಯಾ ರಾಜ್ಯಕ್ಕೆ ಬಿಟ್ಟದ್ದು. ಅದಕ್ಕೇ ಬೇರೆ ರಾಜ್ಯದ ಗೆಳತಿ ಹೇಳಿದ್ದು ನಿಮಗೆ ಹೊಂದದೇ ಇರಬಹುದು.

"ಮಾಡದೇ ಇದ್ದದ್ದು" ಎನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹೊಡೆತದ ಬಗ್ಗೆ ಎಲ್ಲರೂ ಹೆದರುತ್ತಾರೆ. ಆದರೆ ಈ ದೇಶದಲ್ಲಿ ದಾಖಲಾಗುವ ಪ್ರಕರಣಗಳಲ್ಲಿ ಬಹುಪಾಲು ನಿರ್ಲಕ್ಷ್ಯದ್ದು, ಅಂದರೆ ನೆಗ್ಲೆಕ್ಟ್. ಊಟ, ಬಟ್ಟೆ, ಸೂರು ಕೊಡದಿರುವುದು, ಕಾಯಿಲೆ ಬಿದ್ದಾಗ ಡಾಕ್ಟರ ಬಳಿ ಕರೆದೊಯ್ಯದಿರುವುದು, ಅಪಾಯ ಇರುವಲ್ಲಿ ಒಂಟಿಯಾಗಿ ಬಿಡುವುದು. ಟೆಕ್ಸಾಸ್ 2021ರಲ್ಲಿ ಈ ಅರ್ಥವನ್ನು ಬಿಗಿ ಮಾಡಿತು. ಈಗ ಬರೀ ಅಜಾಗ್ರತೆ ಸಾಲದು. ಏನಾದರೆ ನನಗೇನು ಎನ್ನುವ ಉಡಾಫೆ ಇರಬೇಕು, ಅದರಿಂದ ಹಾನಿಯಾಗಿರಬೇಕು ಅಥವಾ ಮಗುವಿಗೆ ಕೂಡಲೇ ಅಪಾಯ ಒದಗುವಂತಿರಬೇಕು. ಕೈಯಲ್ಲಿ ದುಡ್ಡಿಲ್ಲದೆ ಕೊಡಲಾಗದ್ದು ನೆಗ್ಲೆಕ್ಟ್ ಅಲ್ಲ, ನೆರವು ಕೊಡಲು ಬಂದಾಗ ಬೇಡ ಎಂದಿದ್ದರೆ ಮಾತ್ರ ಬೇರೆ ಮಾತು. ವಯಸ್ಸಿಗೆ ತಕ್ಕಂತೆ ಮಗು ತಾನೇ ಶಾಲೆಗೆ ನಡೆದು ಹೋಗುವುದು, ಹೊರಗೆ ಆಡುವುದು ಕೂಡ ತಪ್ಪಲ್ಲ. ಇದು ಒಳ್ಳೆಯ ಬದಲಾವಣೆ ಅಂತ ನನಗನಿಸುತ್ತದೆ.

ಮಗುವನ್ನು ಯಾವ ವಯಸ್ಸಿಗೆ ಮನೆಯಲ್ಲಿ ಒಂಟಿಯಾಗಿ ಬಿಡಬಹುದು ಎಂದು ಟೆಕ್ಸಾಸ್ ಕಾನೂನು ಹೇಳುವುದಿಲ್ಲ. ಮೇರಿಲ್ಯಾಂಡ್‌ನಲ್ಲಿ 8 ವರ್ಷದ ಒಳಗಿನ ಮಗುವಿನ ಜೊತೆ ಕಡೇಪಕ್ಷ 13 ವರ್ಷದವರು ಇರಲೇಬೇಕು. ಇಲ್ಲಿ ಅಂಥ ಲೆಕ್ಕ ಇಲ್ಲ, ಪರಿಸ್ಥಿತಿ ನೋಡುತ್ತಾರೆ. ಆದರೆ ಕಾರಿನ ವಿಷಯದಲ್ಲಿ ಲೆಕ್ಕ ಕಟ್ಟುನಿಟ್ಟು. 7 ವರ್ಷದೊಳಗಿನ ಮಗುವನ್ನು, ಜೊತೆಗೆ 14 ತುಂಬಿದವರು ಇಲ್ಲದೆ, 5 ನಿಮಿಷಕ್ಕಿಂತ ಜಾಸ್ತಿ ಕಾರಿನಲ್ಲಿ ಬಿಟ್ಟರೆ ಅದು ಅಪರಾಧ. ಮಲಗಿದೆ, ಎಬ್ಬಿಸೋದು ಯಾಕೆ, ಒಂದೇ ಸಾಮಾನು ತರೋದಲ್ವಾ ಎಂದು ಅನಿಸುತ್ತದೆ. ದಯವಿಟ್ಟು ಎಬ್ಬಿಸಿ. ನಿಮ್ಮ ಮಗನಿಗೂ ಆರೇ ವರ್ಷ, ಅವನು ತಂಗಿಗೆ ಕಾವಲು ಆಗುವುದಿಲ್ಲ. ಇಲ್ಲಿನ ಬೇಸಿಗೆಯಲ್ಲಿ ಮುಚ್ಚಿದ ಕಾರು ಹತ್ತೇ ನಿಮಿಷದಲ್ಲಿ ಕುಲುಮೆ ಆಗುತ್ತದೆ. ಮಕ್ಕಳ ಮೈ ದೊಡ್ಡವರ ಮೈಗಿಂತ ಎಷ್ಟೋ ಬೇಗ ಕಾಯುತ್ತದೆ.

ಈಗ ನಮ್ಮ ಮನೆಯ ಕಥೆ. ಮಗಳಿಗೆ ಆಗ ನಾಲ್ಕು ತಿಂಗಳು. ಬೆನ್ನಿನ ಕೆಳಗೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇತ್ತು. ನಮ್ಮಂಥ ಮೈಬಣ್ಣದ ಮಕ್ಕಳಲ್ಲಿ ಅದು ತೀರಾ ಸಾಮಾನ್ಯ. ಕೆಲವು ವರ್ಷಗಳಲ್ಲಿ ತಾನೇ ಮಾಸುತ್ತದೆ. ಡೇಕೇರ್‌ನಲ್ಲಿ ಡಯಪರ್ ಬದಲಿಸುವಾಗ ಒಬ್ಬರು ಅದನ್ನು ನೋಡಿ ಏಟಿನ ಗುರುತು ಅಂದುಕೊಂಡರು. ಮಾರನೇ ದಿನ ಸಂಜೆ ಸಿಪಿಎಸ್‌ನಿಂದ ಒಬ್ಬ ಹೆಂಗಸು ಬಂದರು. ನನ್ನ ಕೈಕಾಲು ನಡುಗಿ ಹೋದವು. ಡಾಕ್ಟರ ಚೀಟಿ ತಂದು ತೋರಿಸಿದ ಮೇಲೆ ಕೇಸು ಮುಚ್ಚಿದರು. ಆ ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಫೋನು ಮಾಡಿದವರ ಮೇಲೆ ಬಹಳ ದಿನ ಸಿಟ್ಟಿತ್ತು. ಈಗಿಲ್ಲ. ಇಲ್ಲಿ ಅನುಮಾನ ಬಂದರೆ ತಿಳಿಸಲೇಬೇಕು, ಪಕ್ಕಾ ಸಾಕ್ಷಿ ಸಿಗುವ ತನಕ ಕಾಯುವಂತಿಲ್ಲ. ಅನೇಕ ರಾಜ್ಯಗಳಲ್ಲಿ ಈ ಹೊಣೆ ಟೀಚರ್, ಡಾಕ್ಟರ್, ನರ್ಸ್‌ಗಳಂಥವರ ಮೇಲಿದೆ. ಟೆಕ್ಸಾಸ್‌ನಲ್ಲಿ ಎಲ್ಲರ ಮೇಲೂ ಇದೆ, ನಿಮ್ಮ ಮೇಲೂ ನನ್ನ ಮೇಲೂ. ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ.

ಅದರಿಂದ ನಾನು ಬರಬೇಕಾದ್ದು ಬಹಳ ಕಷ್ಟದ ಮಾತಿಗೆ. ಮಗು ಬಂದು "ಅವರು ನನ್ನನ್ನು ಹೀಗೆ ಮುಟ್ಟಿದರು" ಎಂದಾಗ ನಮ್ಮ ಮನೆಗಳಲ್ಲಿ ಏನಾಗುತ್ತದೆ, ನಿಮಗೂ ಗೊತ್ತು. ಹತ್ತಿರದವರಲ್ವಾ, ಮರ್ಯಾದೆ ಹೋಗುತ್ತದೆ, ಸುಮ್ನಿರು ಎನ್ನುತ್ತೇವೆ. ಇಲ್ಲಿನ ಕಾನೂನಿನಲ್ಲಿ ಆ ಸುಮ್ಮನಿರುವಿಕೆಗೂ ಹೆಸರಿದೆ. ಬೇರೆಯವರು ಮಗುವಿಗೆ ಮಾಡುವ ಹಾನಿಯನ್ನು ತಡೆಯಲು ಪ್ರಯತ್ನ ಮಾಡದ ತಂದೆ ತಾಯಿಯೂ ಅಬ್ಯೂಸ್ ಮಾಡಿದ ಹಾಗೆಯೇ. ಮೊದಲ ಸಲ ಓದಿದಾಗ ಇದು ಕ್ರೂರ ಅನಿಸಿತ್ತು. ನನಗೆ ಗೊತ್ತಿರುವ ಒಂದು ಮಗುವಿನ ಕಥೆ ಕೇಳಿದ ಮೇಲೆ ಹಾಗೆ ಅನಿಸಲಿಲ್ಲ. ಆ ಮಗುವಿಗೆ ಕೈ ಹಾಕಿದವನಿಗಿಂತ, ನಂಬದೇ ಹೋದ ಅಮ್ಮನ ನೆನಪೇ ಜಾಸ್ತಿ ನೋಯುತ್ತಿತ್ತು.

ಬೈಗುಳ, ಹೀಯಾಳಿಕೆ ಕೂಡ ಲೆಕ್ಕಕ್ಕೆ ಬರುತ್ತದೆ. ಆದರೆ ಅದರಿಂದ ಮಗುವಿನ ಬೆಳವಣಿಗೆಗೋ ಮನಸ್ಸಿಗೋ ಕಣ್ಣಿಗೆ ಕಾಣುವಷ್ಟು ಧಕ್ಕೆ ಆಗಿರಬೇಕು. ದಿನಾ ಹೋಮ್‌ವರ್ಕ್‌ಗೆ ಗದರುವುದು ಅದಲ್ಲ.

ಅಕಸ್ಮಾತ್ ಬಾಗಿಲು ತಟ್ಟಿದರೆ ಏನು ಮಾಡಬೇಕು? ಕೂಗಾಡಬೇಡಿ, ಸುಳ್ಳು ಹೇಳಬೇಡಿ. ಸಿಪಿಎಸ್ ತನಿಖೆ ಬೇರೆ, ಪೊಲೀಸ್ ಕೇಸು ಬೇರೆ. ವಕೀಲರ ಜೊತೆ ಮಾತಾಡುವ ಹಕ್ಕು ನಿಮಗಿದೆ. ಕೋರ್ಟಿನ ಆದೇಶವೋ ತುರ್ತು ಅಪಾಯವೋ ಇಲ್ಲದಿದ್ದರೆ ಒಳಗೆ ಬರಲು ನಿಮ್ಮ ಒಪ್ಪಿಗೆ ಬೇಕು. ಟೆಕ್ಸಾಸ್‌ನಲ್ಲಿ ಈ ಹಕ್ಕುಗಳನ್ನು ಅವರೇ ನಿಮಗೆ ಹೇಳಬೇಕೆಂದು 2023ರಲ್ಲಿ ಕಾನೂನಾಗಿದೆ. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕು ಎಂದು ಕೇಳಿ. ಮಗನಿಗೆ ಅರ್ಥ ಮಾಡಿ ಹೇಳುವ ಕೆಲಸ ಕೊಡಬೇಡಿ.

ವೀಸಾದ ಮೇಲಿರುವ ನಿಮಗೆ ಇದು ಮುಖ್ಯ. ಮಕ್ಕಳ ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಅಪರಾಧ ಕೋರ್ಟಿನಲ್ಲಿ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಸಿಪಿಎಸ್ ತನಿಖೆ ಮಾತ್ರಕ್ಕೆ ಅಂಥ ಶಿಕ್ಷೆ ಆಯಿತೆಂದಲ್ಲ. ಆದರೆ ಕಾರಿನಲ್ಲಿ ಮಗು ಬಿಟ್ಟ ಕೇಸು ಸಣ್ಣದು, ದಂಡ ಕಟ್ಟಿ ಮುಗಿಸೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತಪ್ಪೊಪ್ಪಿಕೊಳ್ಳುವ ಮುಂಚೆ ಇಮಿಗ್ರೇಷನ್ ವಕೀಲರನ್ನು ನೋಡಿ.

"ಶಾಲೆಯಲ್ಲಿ ಏನೂ ಹೇಳಬೇಡ ಅಂತ ಮಗನಿಗೆ ಕಲಿಸಲಾ?" ಎಂದೂ ಕೇಳಿದ್ದೀರಿ. ಬೇಡವೇ ಬೇಡ. ನಾಳೆ ಯಾರೋ ಅವನಿಗೆ ತೊಂದರೆ ಕೊಟ್ಟರೆ ಅದನ್ನೂ ಬಾಯಿ ಬಿಡದ ಹಾಗೆ ಆಗುತ್ತಾನೆ. ಟೀಚರ್ ಹತ್ತಿರ ಏನು ಬೇಕಾದರೂ ಹೇಳು, ಅಮ್ಮನ ಹತ್ತಿರವೂ ಹೇಳು ಅನ್ನಿ. ಮಗಳ ಮೈಮೇಲೂ ಅಂಥ ನೀಲಿ ಮಚ್ಚೆ ಇದ್ದರೆ, ಮುಂದಿನ ಸಲ ಲಸಿಕೆಗೆ ಹೋದಾಗ ಡಾಕ್ಟರಿಗೆ ತೋರಿಸಿ ಫೈಲಿನಲ್ಲಿ ಬರೆಸಿಕೊಳ್ಳಿ. ಡೇಕೇರ್‌ಗೆ ಸೇರಿಸುವ ದಿನ ಅದರ ಒಂದು ಪ್ರತಿ ಕೊಡಿ.